ಇ.ಸಿ.ಯು. ಬದಲಿಸಿದ ಮೇಲೂ ಗಾಡಿ ನಿಂತರೆ



ಹಿಂದಿನ ಪಾಠಗಳಲ್ಲಿ ನಾವು ಬ್ಯಾಟರಿ, ಚಾರ್ಜಿಂಗ್ ಮತ್ತು ಪ್ಲಗ್ಗಿನ ಬಗ್ಗೆ ತಿಳಿದುಕೊಂಡೆವು. ಈ ಸಲ ಹಳೆಯ ಎಫ್.ಐ. ಬೈಕಿನ ಇ.ಸಿ.ಯು. ವಿಷಯ ತೆಗೆದುಕೊಂಡಿದ್ದೇವೆ. ನಿಮ್ಮಲ್ಲಿ ಕೆಲವರು ಇದಕ್ಕೆ ಚಿಪ್ ಅನ್ನುತ್ತೀರಿ. ನಮ್ಮ ಊರ ಕಡೆ ಗಿರಾಕಿಗಳು ಸೀದಾ 'ಗಾಡಿಯ ಮಂಡೆ' ಅಂತಲೇ ಹೇಳುವುದುಂಟು.

ಒಂದು ಮಳೆಗಾಲದಲ್ಲಿ, ನಮ್ಮಲ್ಲೇ ಕಲಿತು ಹೆದ್ದಾರಿ ಬದಿಯಲ್ಲಿ ಸ್ವಂತ ಗ್ಯಾರೇಜ್ ಇಟ್ಟುಕೊಂಡಿರುವ ಹುಡುಗನೊಬ್ಬ ಹತ್ತು ವರ್ಷ ಹಳೆಯ ಎಫ್.ಐ. ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ನಮ್ಮ ಶೆಡ್ಡಿಗೆ ಬಂದ. ಗಾಡಿಯ ಯಜಮಾನರೂ ಜೊತೆಗಿದ್ದರು. ಅವರು ಬೇಕರಿಯ ಬ್ರೆಡ್ಡು, ಬನ್ನು ಲೈನಿಗೆ ಹಾಕುವವರು. ಬೆಳಿಗ್ಗೆ ಐದಕ್ಕೆ ಹೊರಟರೆ ಏಳೂವರೆಯೊಳಗೆ ಎಲ್ಲಾ ಅಂಗಡಿ ಮುಗಿಸಬೇಕು. ಗಾಡಿ ಹೊಂಡಕ್ಕೆ ಬಿದ್ದಾಗ, ಜೋರು ಮಳೆ ಬಂದಾಗ ಒಮ್ಮೆಲೇ ಆಫ್ ಆಗುತ್ತಿತ್ತು. ಹುಡುಗ ಪ್ಲಗ್ ಬದಲಿಸಿದ, ಏರ್ ಫಿಲ್ಟರ್ ಬದಲಿಸಿದ, ಕೊನೆಗೆ ಇ.ಸಿ.ಯು. ಹೋಗಿದೆ ಎಂದ. ಪೇಟೆಯಿಂದ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯೊಂದನ್ನು ತರಿಸಿ ಹಾಕಿದ. 6,500 ರೂಪಾಯಿ. ಹಣ ಕೊಟ್ಟದ್ದು ಅವರ ಮನೆಯವರು, ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು. ಗಾಡಿ ನಾಲ್ಕು ದಿನ ಚೆಂದ ಓಡಿತು. ಐದನೇ ದಿನ ಮತ್ತೆ ರಸ್ತೆ ಮಧ್ಯೆ ನಿಂತಿತು.

"ಎಂತ ಸಿಸ್ಟರ್, ಎರಡೆರಡು ಮಂಡೆ ಒಟ್ಟಿಗೆ ಹಾಳಾಗ್ತದಾ?" ಎಂದು ಅವರು ಕೇಳಿದರು.

ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಇವತ್ತಿನ ಪಾಠ ಅದರಲ್ಲೇ ಬರುತ್ತದೆ.

ಪೆಟ್ಟಿಗೆಯೊಳಗೆ ಏನಿದೆ?

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಗಾಳಿಯೇ ಎಳೆದುಕೊಳ್ಳುತ್ತದೆ. ಜೆಟ್ ದೊಡ್ಡದಾದರೆ ಜಾಸ್ತಿ, ಸಣ್ಣದಾದರೆ ಕಡಿಮೆ. ಎಫ್.ಐ. ಗಾಡಿಯಲ್ಲಿ ಟ್ಯಾಂಕಿನ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಇಂಜೆಕ್ಟರಿಗೆ ತಳ್ಳುತ್ತದೆ. ಹೋಂಡಾದ ಪಿ.ಜಿ.ಎಂ.-ಎಫ್.ಐ. ಗಾಡಿಗಳಲ್ಲಿ ಈ ಒತ್ತಡ 294 ಕಿಲೋಪಾಸ್ಕಲ್, ಅಂದರೆ ಹೆಚ್ಚುಕಡಿಮೆ 3 ಬಾರ್. ಒತ್ತಡ ಒಂದೇ ಸಮ ಇರುವುದರಿಂದ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟು ಪೆಟ್ರೋಲ್ ಒಳಗೆ ಹೋಗುತ್ತದೆ. ಆ ಹೊತ್ತನ್ನು ಇ.ಸಿ.ಯು. ಲೆಕ್ಕ ಹಾಕುತ್ತದೆ. ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಸೆಕೆಂಡಿಗೆ 25 ಸುತ್ತು ಆಯಿತು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ, ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಸಲ. ಪ್ರತಿ ಸಲವೂ ಇಂಜೆಕ್ಟರ್ ತೆರೆದಿರುವುದು ಕೆಲವೇ ಮಿಲಿಸೆಕೆಂಡು.

ಈ ಲೆಕ್ಕಕ್ಕೆ ಇ.ಸಿ.ಯು.ವಿನ ಚಿಪ್ಪಿನಲ್ಲಿ ಒಂದು ಕೋಷ್ಟಕ ಬರೆದಿರುತ್ತದೆ. ಅದನ್ನು ಮ್ಯಾಪ್ ಎನ್ನುತ್ತಾರೆ. ರೇಷನ್ ಅಂಗಡಿಯ ಗೋಡೆಯಲ್ಲಿ ಇಂಥ ಕಾರ್ಡಿಗೆ ಇಷ್ಟು ಅಕ್ಕಿ ಎಂದು ಬರೆದ ಹಾಗೆ, ಇಷ್ಟು ಆರ್‌ಪಿಎಂಗೆ, ಇಷ್ಟು ಥ್ರಾಟಲಿಗೆ ಇಷ್ಟು ಹೊತ್ತು ಎಂದು ಬರೆದಿರುತ್ತದೆ. ಆದರೆ ಇ.ಸಿ.ಯು. ಒಳಕೋಣೆಯಲ್ಲಿ ಕುಳಿತ ಗುಮಾಸ್ತನ ಹಾಗೆ. ಹೊರಗೆ ಏನಾಗುತ್ತಿದೆ ಎಂದು ತಾನೇ ಎದ್ದು ಬಂದು ನೋಡುವುದಿಲ್ಲ. ಕ್ರಾಂಕ್ ಸೆನ್ಸರ್, ಥ್ರಾಟಲ್ ಸೆನ್ಸರ್, ಗಾಳಿಯ ಒತ್ತಡದ ಸೆನ್ಸರ್, ಎಂಜಿನ್ ಬಿಸಿಯ ಸೆನ್ಸರ್, ಸೈಲೆನ್ಸರ್ ಬೆಂಡಿನ ಆಕ್ಸಿಜನ್ ಸೆನ್ಸರ್ ಇವೆಲ್ಲ ತಂದುಕೊಡುವ ಸುದ್ದಿಯನ್ನು ನಂಬಿ ಬರೆದುಕೊಡುತ್ತದೆ. ಸುದ್ದಿ ಸುಳ್ಳಾದರೆ ಗುಮಾಸ್ತನನ್ನು ಬದಲಿಸಿ ಏನು ಪ್ರಯೋಜನ? ಹೊಸಬನೂ ಅದೇ ಸುಳ್ಳನ್ನು ನಂಬುತ್ತಾನೆ.

ನಮ್ಮ ದೇಶದಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್.ಐ. 2006ರಲ್ಲಿ ಬಂತು. ಬಜಾಜ್ ಪಲ್ಸರ್ 220 ಎಫ್.ಐ.ನೊಂದಿಗೆ 2007ರಲ್ಲಿ ಬಂದು, 2009ರಲ್ಲಿ ಕಾರ್ಬ್ಯುರೇಟರಿಗೇ ಮರಳಿತು. ಅದೇ 2009ರಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500 ಬಂತು. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಜಾರಿಯಾದ ಮೇಲೆ ಬಹುತೇಕ ಎಲ್ಲಾ ದ್ವಿಚಕ್ರ ವಾಹನಗಳು ಎಫ್.ಐ. ಆದವು. ಹಾಗಾಗಿ "ನನಗೆ ಕಾರ್ಬ್ಯುರೇಟರ್ ಸಾಕು ಸಿಸ್ಟರ್" ಎಂದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವಂತಿಲ್ಲ. ಈ ಹಳೆಯ ಗಾಡಿಗಳೆಲ್ಲ ಈಗ ಕಂಪೆನಿ ಸರ್ವಿಸ್ ಬಿಟ್ಟು ನಿಮ್ಮ ಗ್ಯಾರೇಜಿಗೇ ಬರುತ್ತಿವೆ.

ಬದಲಿಸುವ ಮುಂಚೆ

ನಮ್ಮ ಶೆಡ್ಡಿನ ಮೇಸ್ತ್ರಿಗಳು ಆ ದಿನ ಇ.ಸಿ.ಯು.ವನ್ನು ಮುಟ್ಟಲೇ ಇಲ್ಲ. ಮೊದಲು ಕೀ ಆನ್ ಮಾಡಿ ಸುಮ್ಮನೆ ಕಿವಿಗೊಟ್ಟರು. ಕೀ ಆನ್ ಮಾಡಿದ ಕೂಡಲೇ ಪಂಪು ಎರಡು ಮೂರು ಸೆಕೆಂಡು 'ಝುಂಯ್' ಎಂದು ನಿಲ್ಲಬೇಕು. ಮೀಟರಿನಲ್ಲಿ ಎಂಜಿನ್ ಲೈಟು ಹತ್ತಿ ಆರಬೇಕು. ಎರಡೂ ಆದರೆ ಇ.ಸಿ.ಯು.ಗೆ ಕರೆಂಟು ಸಿಗುತ್ತಿದೆ, ಅದು ಎಚ್ಚರವಾಗಿಯೇ ಇದೆ ಎಂದು ಅರ್ಥ. ಎರಡೂ ಆಗದಿದ್ದರೆ ಫ್ಯೂಸ್, ಕಿಲ್ ಸ್ವಿಚ್, ರಿಲೇ ನೋಡಿ. ಪೆಟ್ಟಿಗೆಯ ಮೇಲೆ ಗುಮಾನಿ ಅದರ ನಂತರ.

ಎರಡನೆಯದು ಬ್ಯಾಟರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ 12.6 ವೋಲ್ಟಿನ ಆಸುಪಾಸು ಇರಬೇಕು. ಸೆಲ್ಫ್ ಒತ್ತಿದಾಗ 10ಕ್ಕಿಂತ ಕೆಳಗೆ ಇಳಿಯುವುದಾದರೆ ಮೊದಲು ಬ್ಯಾಟರಿಯ ಕಥೆ ಮುಗಿಸಬೇಕು. ಕಾರ್ಬ್ಯುರೇಟರ್ ಗಾಡಿಯನ್ನು ಸತ್ತ ಬ್ಯಾಟರಿಯಲ್ಲೂ ಕಿಕ್ ಹೊಡೆದು ಓಡಿಸುತ್ತಿದ್ದೆವು. ಇಲ್ಲಿ ಪಂಪು, ಇಂಜೆಕ್ಟರು, ಇ.ಸಿ.ಯು. ಎಲ್ಲಕ್ಕೂ ಕರೆಂಟು ಬೇಕು.

ಮೂರನೆಯದು ಅರ್ಥಿಂಗ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಹುಡುಗರು ಅತಿ ಹೆಚ್ಚು ಎಡವುವುದು ಇಲ್ಲೇ. ಅರ್ಥ್ ವಯರನ್ನು ಕಣ್ಣಲ್ಲಿ ನೋಡಿ "ಉಂಟಲ್ಲಾ, ಸರಿ ಉಂಟು" ಎನ್ನುತ್ತಾರೆ. ಮಲ್ಟಿಮೀಟರಿನ ಬೀಪ್ ಶಬ್ದ ಕೇಳಿ ಸರಿಯೆನ್ನುವವರೂ ಇದ್ದಾರೆ. ಬೀಪ್ ಬರಲು ಒಂದು ಎಳೆ ತಂತಿ ತಾಗಿದ್ದರೂ ಸಾಕು. ಕರೆಂಟು ಹರಿಯುವಾಗ ಅಳೆದರೆ ಮಾತ್ರ ಸತ್ಯ ತಿಳಿಯುತ್ತದೆ. ಮೀಟರನ್ನು ಡಿ.ಸಿ. ವೋಲ್ಟಿಗೆ ಇಡಿ. ಕಪ್ಪು ಮುಳ್ಳನ್ನು ಬ್ಯಾಟರಿಯ ಮೈನಸ್ ಬೋಲ್ಟಿಗೆ ಹಿಡಿಯಿರಿ. ಕೆಂಪು ಮುಳ್ಳನ್ನು ಇ.ಸಿ.ಯು. ಕಪ್ಲರಿನ ಅರ್ಥ್ ವಯರಿಗೆ, ಕಪ್ಲರ್ ಬಿಚ್ಚದೆ, ಹಿಂಬದಿಯಿಂದ ತೆಳು ಪಿನ್ನು ತೂರಿಸಿ ಹಿಡಿಯಿರಿ. ಈಗ ಒಬ್ಬರು ಸೆಲ್ಫ್ ಒತ್ತಲಿ. ಮೀಟರು ಸೊನ್ನೆಯ ಹತ್ತಿರವೇ ಇರಬೇಕು. 0.2 ವೋಲ್ಟ್ ದಾಟಿದರೆ ಆ ದಾರಿಯಲ್ಲಿ ಎಲ್ಲೋ ತಡೆ ಇದೆ. ಬ್ರೆಡ್ಡಿನವರ ಗಾಡಿಯಲ್ಲಿ ಮೀಟರು 1.6 ತೋರಿಸಿತು. ಮೇಸ್ತ್ರಿಗಳು ಒಂದೂ ಮಾತಾಡದೆ ಮೀಟರನ್ನು ಹುಡುಗನ ಕಡೆ ತಿರುಗಿಸಿದರು.

ನಾಲ್ಕನೆಯದು 5 ವೋಲ್ಟ್. ಇ.ಸಿ.ಯು. ತನ್ನ ಸೆನ್ಸರುಗಳಿಗೆ 5 ವೋಲ್ಟ್ ಕೊಡುತ್ತದೆ. ಥ್ರಾಟಲ್ ಸೆನ್ಸರಿನ ಕಪ್ಲರಿನಲ್ಲಿ ಆ 5 ವೋಲ್ಟ್ ಇಲ್ಲದಿದ್ದರೆ "ಇ.ಸಿ.ಯು. ಸತ್ತಿದೆ" ಎಂದು ತೀರ್ಪು ಕೊಡಬೇಡಿ. ಸೆನ್ಸರುಗಳ ಕಪ್ಲರನ್ನು ಒಂದೊಂದಾಗಿ ಬಿಚ್ಚಿ ನೋಡಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿ ಬರುತ್ತದೋ ಆ ಸೆನ್ಸರು ಅಥವಾ ಅದರ ವಯರು ಶಾರ್ಟ್ ಆಗಿದೆ. ಒಂದು ಸೆನ್ಸರು ಕೆಟ್ಟು ಉಳಿದವನ್ನೂ ಎಳೆದುಕೊಂಡು ಹೋಗುವುದು ಹೀಗೆ. ಥ್ರಾಟಲ್ ಸೆನ್ಸರಿನ ಸಿಗ್ನಲ್ ವಯರು ಮುಚ್ಚಿದಾಗ ಸುಮಾರು ಅರ್ಧ ವೋಲ್ಟಿನಿಂದ ಪೂರ್ತಿ ತೆರೆದಾಗ ನಾಲ್ಕರ ಮೇಲಕ್ಕೆ, ನಡುವೆ ಎಲ್ಲೂ ಹಾರದೆ ನಿಧಾನವಾಗಿ ಏರಬೇಕು.

ಕಪ್ಲರುಗಳ ಬಗ್ಗೆ ನಮ್ಮ ಕರಾವಳಿಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಮೇಲಿಂದ ಸರ್ವಿಸ್ ಸ್ಟೇಷನ್ನಿನ ನೀರಿನ ಒತ್ತಡ. ಪಿನ್ನುಗಳಲ್ಲಿ ಹಸಿರು ಕಿಲುಬು ಕಟ್ಟದಿದ್ದರೇ ಆಶ್ಚರ್ಯ.

ಇಲ್ಲಿ ನಮ್ಮದೂ ಒಂದು ತಪ್ಪು ಒಪ್ಪಿಕೊಳ್ಳುತ್ತೇವೆ. ಎಫ್.ಐ. ಕೋರ್ಸ್ ಶುರು ಮಾಡುವಾಗ ನಾವು ದೊಡ್ಡ ಬೆಲೆಯ ಸ್ಕ್ಯಾನರನ್ನು ತರಿಸಿದೆವು. ಹಳೆಯ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಅದರ ಕಪ್ಲರೇ ಕೂರಲಿಲ್ಲ. ಅದು ಬೀರುವಿನಲ್ಲಿ ಕುಳಿತಿತು. ಕೆಲಸಕ್ಕೆ ಬಂದದ್ದು ನಾನೂರು ರೂಪಾಯಿಯ ಮಲ್ಟಿಮೀಟರು. ಈಗ ಪ್ರತಿ ಇಬ್ಬರು ತರಬೇತುದಾರರಿಗೆ ಒಂದರಂತೆ ಮೀಟರು ಕೊಟ್ಟಿದ್ದೇವೆ.

ಹಾಕಿದ ಮೇಲೆ ಓಡಿತಲ್ಲ?

"ಹೊಸ ಪೆಟ್ಟಿಗೆ ಹಾಕಿದ ಮೇಲೆ ನಾಲ್ಕು ದಿನ ಓಡಿತಲ್ಲ ಸಿಸ್ಟರ್, ಹಾಗಾದ್ರೆ ಹಳೆಯದು ಹೋಗಿತ್ತು ಅಂತಲ್ವಾ?" ಎಂದು ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಅವನು ಮೋಸ ಮಾಡಿರಲಿಲ್ಲ, ತಾನು ಸರಿ ಎಂದೇ ನಂಬಿದ್ದ.

ಆದರೆ ಪೆಟ್ಟಿಗೆ ಬದಲಿಸುವಾಗ ಇನ್ನೂ ಏನೇನು ಮಾಡಿದೆ ಎಂದು ಮೇಸ್ತ್ರಿಗಳು ಅವನಿಂದಲೇ ಹೇಳಿಸಿದರು. ಸೀಟು ತೆಗೆದ, ಬ್ಯಾಟರಿ ಹೊರಗೆ ತೆಗೆದ, ಫ್ರೇಮಿನ ಅರ್ಥ್ ಬೋಲ್ಟು ಅಡ್ಡ ಬರುತ್ತದೆಂದು ಬಿಚ್ಚಿದ, ಮತ್ತೆ ಬಿಗಿ ಮಾಡಿದ. ಆ ಬೋಲ್ಟಿನಡಿಯ ರಿಂಗ್ ಟರ್ಮಿನಲಿಗೆ ತುಕ್ಕು ಹಿಡಿದಿತ್ತು. ಬಿಚ್ಚಿ ಬಿಗಿಯುವಾಗ ತುಕ್ಕು ಅಷ್ಟಿಷ್ಟು ಉಜ್ಜಿ ಹೋಯಿತು, ನಾಲ್ಕು ದಿನ ಸಂಪರ್ಕ ಸಿಕ್ಕಿತು. ಐದನೇ ದಿನದ ಮಳೆಗೆ ಮತ್ತೆ ಹೋಯಿತು. ಪೆಟ್ಟಿಗೆಗೂ ಆ ನಾಲ್ಕು ದಿನಕ್ಕೂ ಸಂಬಂಧವೇ ಇರಲಿಲ್ಲ.

ಮರಳು ಕಾಗದದಲ್ಲಿ ಟರ್ಮಿನಲನ್ನೂ ಅದರಡಿಯ ಫ್ರೇಮನ್ನೂ ಬಣ್ಣ ಹೋಗುವ ತನಕ ಉಜ್ಜಿ, ಬಿಗಿ ಮಾಡಿ, ಮೇಲಿಂದ ಗ್ರೀಸ್ ಹಚ್ಚಿದರು. ಮೀಟರು 0.05ಕ್ಕೆ ಇಳಿಯಿತು. ಆಮೇಲೆ ಹಳೆಯ ಪೆಟ್ಟಿಗೆಯನ್ನೇ ಹಾಕಿದರು. ಗಾಡಿ ಓಡಿತು. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಹಾಕಿದರು, ಅದರಲ್ಲೂ ಓಡಿತು.

ಆದ್ದರಿಂದ ಯಾವುದೇ ಇ.ಸಿ.ಯು. ಬದಲಿಸಿ ಗಾಡಿ ಸರಿಯಾದರೆ ಬಿಲ್ ಬರೆಯುವ ಮುಂಚೆ ಹಳೆಯದನ್ನು ಮತ್ತೊಮ್ಮೆ ಹಾಕಿ ನೋಡಿ. ತೊಂದರೆ ಮರಳಿ ಬಂದರೆ, ಹೊಸದು ಹಾಕಿದಾಗ ಪುನಃ ಹೋದರೆ, ಹಳೆಯ ಪೆಟ್ಟಿಗೆ ನಿಜಕ್ಕೂ ಕೆಟ್ಟಿದೆ. ತೊಂದರೆ ಮರಳದಿದ್ದರೆ ನೀವು ಆಕಸ್ಮಿಕವಾಗಿ ಬೇರೆ ಏನನ್ನೋ ಸರಿ ಮಾಡಿದ್ದೀರಿ. ಅದನ್ನು ಹುಡುಕಿ. ಹತ್ತು ನಿಮಿಷದ ಕೆಲಸ. ಸಾಧ್ಯವಾದರೆ ಪರೀಕ್ಷೆಯ ಪೆಟ್ಟಿಗೆಯನ್ನು ಅದೇ ಮಾಡೆಲಿನ ಇನ್ನೊಂದು ಓಡುವ ಗಾಡಿಯಿಂದ ಒಂದು ತಾಸಿಗೆ ಎರವಲು ಪಡೆಯಿರಿ. ವಯರಿಂಗಿನಲ್ಲಿ ಶಾರ್ಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಹಾಕಿ, ಇಲ್ಲದಿದ್ದರೆ ಎರವಲು ತಂದದ್ದೂ ಸುಟ್ಟೀತು.

ಚಿಪ್ಪನ್ನೇ ಬದಲಿಸುವ ಗಾಡಿಗಳು

ಗಲ್ಫಿನ ಗ್ಯಾರೇಜಿಗೆ ಸೇರಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಬಂದಾಗ, "ಅಲ್ಲಿ ಪೆಟ್ಟಿಗೆ ಅಲ್ಲ, ಒಳಗಿನ ಚಿಪ್ಪನ್ನೇ ತೆಗೆದು ಹಾಕ್ತಾರೆ" ಎಂದು ಹೇಳಿ ಎಲ್ಲರನ್ನೂ ಬೆರಗುಗೊಳಿಸಿದ. ಹೌದು. ನಮ್ಮ ಗಾಡಿಗಳಲ್ಲಿ ಚಿಪ್ಪನ್ನು ಬೋರ್ಡಿಗೆ ಬೆಸುಗೆ ಹಾಕಿರುವುದರಿಂದ ಇಡೀ ಪೆಟ್ಟಿಗೆಯನ್ನೇ ಬದಲಿಸುತ್ತೇವೆ. ಹಳೆಯ ಇಟಲಿ ಗಾಡಿಗಳಲ್ಲಿ ಹಾಗಲ್ಲ. ಬೊಲೊನ್ಯಾದ ಡುಕಾಟಿ ಕಂಪೆನಿ 1994ರಲ್ಲಿ ಮಾರುಕಟ್ಟೆಗೆ ತಂದ 916 ಎಂಬ ಬೈಕನ್ನೇ ತೆಗೆದುಕೊಳ್ಳಿ. ಅದರ ವೆಬರ್-ಮರೆಲ್ಲಿ ಇ.ಸಿ.ಯು.ವಿನ ಮುಚ್ಚಳ ತೆಗೆದರೆ ಮ್ಯಾಪ್ ಬರೆದ ಚಿಪ್ಪು ಸಾಕೆಟಿನಲ್ಲಿ ಕುಳಿತಿರುತ್ತದೆ. ಇದಕ್ಕೆ ಇಪ್ರಾಮ್ ಎನ್ನುತ್ತಾರೆ. ಆ ಕಾಲದಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ 27ಸಿ256 ಬಗೆಯ ಇಪ್ರಾಮಿಗೆ 28 ಕಾಲು, ಅದರಲ್ಲಿ ಹಿಡಿಸುವುದು 32 ಕಿಲೋಬೈಟ್ ಮಾತ್ರ. ಈಗಿನ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯದು.

916ರಲ್ಲಿ ಆಕ್ಸಿಜನ್ ಸೆನ್ಸರ್ ಇಲ್ಲ. ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ವೇಗದಲ್ಲಿದೆ ಎಂಬುದನ್ನು ಮುಖ್ಯವಾಗಿ ನೋಡಿ, ಬಿಸಿ ಮತ್ತು ಗಾಳಿಯ ಒತ್ತಡಕ್ಕೆ ತಕ್ಕಂತೆ ಸ್ವಲ್ಪ ತಿದ್ದಿ ಪೆಟ್ರೋಲ್ ಕೊಡುತ್ತದೆ. ಕೊಟ್ಟದ್ದು ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಹಿಂತಿರುಗಿ ನೋಡುವ ವ್ಯವಸ್ಥೆ ಇಲ್ಲ. ಸೈಲೆನ್ಸರನ್ನು ಬದಲಿಸಿದರೆ ಗಾಳಿಯ ಲೆಕ್ಕ ಬದಲಾಗುತ್ತದೆ, ಮ್ಯಾಪಿಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಬೇರೆ ಮ್ಯಾಪ್ ಬರೆದ ಚಿಪ್ಪು ಬೇಕಾಗುತ್ತದೆ.

ಚಿಪ್ಪು ಹಾಕಿದ ಮೇಲೆ ಗಾಡಿ ಸ್ಟಾರ್ಟೇ ಆಗದಿದ್ದರೆ ಕಾರಣ ಹೆಚ್ಚಾಗಿ ಕೈಕೆಲಸದಲ್ಲೇ ಇರುತ್ತದೆ. ಚಿಪ್ಪಿನ ಒಂದು ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ, ಅದು ಹಳೆಯ ಚಿಪ್ಪಿನ ಕಚ್ಚು ಇದ್ದ ದಿಕ್ಕಿಗೇ ಬರಬೇಕು. ತಿರುಗಿಸಿ ಹಾಕಿ ಕೀ ಆನ್ ಮಾಡಿದರೆ ಚಿಪ್ಪು ಸುಟ್ಟು ಹೋಗುವ ಸಂಭವ ಹೆಚ್ಚು. 28 ಕಾಲುಗಳಲ್ಲಿ ಒಂದು ಸಾಕೆಟಿನೊಳಗೆ ಹೋಗದೆ ಅಡಿಗೆ ಮಡಿಸಿಕೊಂಡಿದ್ದರೆ ಮೇಲಿಂದ ಕಾಣುವುದಿಲ್ಲ, ಟಾರ್ಚ್ ಹಿಡಿದು ಬದಿಯಿಂದ ನೋಡಬೇಕು. ಚಿಪ್ಪಿನ ಬೆನ್ನಿಗೆ ಗಾಜಿನ ಕಿಟಕಿ ಇದ್ದರೆ ಅದರ ಮೇಲಿನ ಸ್ಟಿಕ್ಕರನ್ನು ಕೀಳಬೇಡಿ. ಅತಿನೇರಳೆ ಬೆಳಕಿನಿಂದ ಬರಹ ಅಳಿಸುವುದಕ್ಕಾಗಿಯೇ ಆ ಕಿಟಕಿ ಇಟ್ಟಿದ್ದಾರೆ, ದಿನಗಟ್ಟಲೆ ಬಿಸಿಲಿಗೆ ಬಿಟ್ಟರೂ ಅಳಿಸೀತು. ಬ್ಯಾಟರಿಯ ಮೈನಸ್ ಬಿಚ್ಚಿ, ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಂಡು ಚಿಪ್ಪು ಹಿಡಿಯಿರಿ.

ಸ್ಟಾರ್ಟ್ ಆಗಿ ಸ್ಲೋ ಸ್ಪೀಡಿನಲ್ಲಿ ತಡವರಿಸಿದರೆ ಹೊಸ ಚಿಪ್ಪನ್ನು ಬೈಯುವ ಮುಂಚೆ ಥ್ರಾಟಲ್ ಸೆನ್ಸರಿನ ಮೂಲ ಅಳತೆ ನೋಡಬೇಕು. ಈ ಗಾಡಿಗಳಲ್ಲಿ ಲಿಂಕ್ ಬಿಚ್ಚಿ, ಐಡಲ್ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಥ್ರಾಟಲನ್ನು ಪೂರ್ತಿ ಮುಚ್ಚಿದಾಗ 150 ಮಿಲಿವೋಲ್ಟ್ ಬರಬೇಕು. ಮೊದಲು ಕೆಲಸ ಮಾಡಿದವರು ಆ ಸೆನ್ಸರನ್ನು ಜರುಗಿಸಿಟ್ಟಿದ್ದರೆ ಎಂಥ ಒಳ್ಳೆಯ ಮ್ಯಾಪ್ ಹಾಕಿದರೂ ಇ.ಸಿ.ಯು. ಕೋಷ್ಟಕದ ತಪ್ಪು ಸಾಲನ್ನೇ ಓದುತ್ತದೆ.

ನಮ್ಮಲ್ಲಿ ಇದೇ ಕೆಲಸವನ್ನು ಬೇರೆ ರೀತಿ ಮಾಡುತ್ತಾರೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್‌ನಂಥ ಪೆಟ್ಟಿಗೆಗಳು ಕಂಪೆನಿ ಇ.ಸಿ.ಯು.ವನ್ನು ತೆಗೆಯದೆ, ಅದರ ಮತ್ತು ಎಂಜಿನ್ನಿನ ನಡುವೆ ಕುಳಿತು ಲೆಕ್ಕ ತಿದ್ದುತ್ತವೆ. ಅಂಥ ಗಾಡಿ ತೊಂದರೆಯೆಂದು ಬಂದರೆ ಮೊದಲು ನಡುವಿನ ಪೆಟ್ಟಿಗೆಯನ್ನು ತೆಗೆದು ಕಂಪೆನಿ ಕಪ್ಲರುಗಳನ್ನು ನೇರ ಜೋಡಿಸಿ ನೋಡಿ. ಯಾವ ಕಡೆ ಹುಡುಕಬೇಕೆಂದು ಅಲ್ಲೇ ಗೊತ್ತಾಗುತ್ತದೆ.

ಹೊಸ ಪೆಟ್ಟಿಗೆ ಹಾಕಿದ ಮೇಲಿನ ಕಿರಿಕಿರಿ

ಇ.ಸಿ.ಯು. ನಿಜವಾಗಿಯೇ ಕೆಟ್ಟಿತ್ತು, ಬದಲಿಸಿದ್ದೂ ಆಯಿತು ಎಂದುಕೊಳ್ಳೋಣ. ಪಾರ್ಟ್ ನಂಬರ್ ಒಂದೊಂದು ಅಕ್ಷರವೂ ತಾಳೆಯಾಗಬೇಕು. ಬಿ.ಎಸ್.-3 ಗಾಡಿಯ ಪೆಟ್ಟಿಗೆಯೂ ಬಿ.ಎಸ್.-4 ಗಾಡಿಯ ಪೆಟ್ಟಿಗೆಯೂ ಹೊರಗೆ ಒಂದೇ ಥರ ಕಂಡರೂ ಒಳಗಿನ ಮ್ಯಾಪ್ ಬೇರೆ ಇರಬಹುದು, ಪಿನ್ನುಗಳ ಜಾಗವೂ ಬೇರೆ ಇರಬಹುದು. ಕೀಗೆ ಕೋಡ್ ಇರುವ ಮಾಡೆಲುಗಳಲ್ಲಿ ಬೇರೆ ಗಾಡಿಯ ಪೆಟ್ಟಿಗೆ ಸ್ಟಾರ್ಟಾಗಲು ಬಿಡುವುದೇ ಇಲ್ಲ.

ಪಂಪು ಓಡದಿದ್ದರೆ ಗಾಡಿ ಬಿದ್ದದ್ದನ್ನು ತಿಳಿಸುವ ಸೆನ್ಸರನ್ನು ನೋಡಿ. ಸೀಟಿನಡಿ ಕೆಲಸ ಮಾಡುವಾಗ ಅದನ್ನು ಬಿಚ್ಚಿ ತಲೆಕೆಳಗಾಗಿ ಬಿಗಿದವರು, ವಯರಿನಲ್ಲಿ ಹಾಗೆಯೇ ನೇತಾಡಲು ಬಿಟ್ಟವರು ನಮ್ಮಲ್ಲೇ ಇದ್ದಾರೆ. ಗಾಡಿ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತಿದ್ದರೂ ಇ.ಸಿ.ಯು. ಬಿದ್ದಿದೆ ಎಂದೇ ತಿಳಿದು ಎಂಜಿನ್ ಬಂದ್ ಮಾಡುತ್ತದೆ.

ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮಸಿ ಹಿಡಿದ ಪ್ಲಗ್ ಕಂಡರೆ ಎಂಜಿನ್ ಬಿಸಿಯ ಸೆನ್ಸರಿನ ಕಪ್ಲರ್ ಹಾಕಲು ಮರೆತಿದ್ದೀರಾ ನೋಡಿ. ಎಂಜಿನ್ ತಣ್ಣಗಿದೆ ಎಂದು ತಿಳಿದರೆ ಚೋಕ್ ಎಳೆದ ಹಾಗೆ ಪೆಟ್ರೋಲ್ ಸುರಿಯುತ್ತದೆ. ಐಡಲಿಂಗ್ ಏರಿಳಿದರೆ ಟ್ಯಾಂಕ್ ಎತ್ತಿದಾಗ ಯಾವುದಾದರೂ ರಬ್ಬರ್ ಪೈಪು ಕಳಚಿದೆಯೇ ನೋಡಿ, ಆಮೇಲೆ ಆ ಮಾಡೆಲಿನ ಪುಸ್ತಕದಲ್ಲಿ ಹೇಳಿದಂತೆ ಥ್ರಾಟಲ್ ರೀಸೆಟ್ ಮಾಡಿ. ಆಕ್ಸಿಜನ್ ಸೆನ್ಸರು ಬಿಸಿಯಾದ ಮೇಲೆಯೇ ಮಾತಾಡುತ್ತದೆ. ಆಗ ಅದರ ವೋಲ್ಟ್ 0.1ರಿಂದ 0.9ರ ನಡುವೆ ಏರಿಳಿಯುತ್ತಿರಬೇಕು. ಹಾಗಾಗಿ ತಣ್ಣಗಿನ ಎಂಜಿನ್ನಿನಲ್ಲಿ ತೀರ್ಪು ಕೊಡಬೇಡಿ, ಹದಿನೈದು ನಿಮಿಷ ಓಡಿಸಿ ಬನ್ನಿ. ಕೊನೆಗೆ ಹೊಗೆ ತಪಾಸಣಾ ಕೇಂದ್ರದಲ್ಲಿ ತೋರಿಸಿ, ಆ ಚೀಟಿ ಗಿರಾಕಿಗೂ ಬೇಕು, ನಿಮ್ಮ ಕೆಲಸಕ್ಕೂ ಸಾಕ್ಷಿ.

ಎಂಜಿನ್ ಓಡುವಾಗ ಬ್ಯಾಟರಿ ವಯರು ತೆಗೆಯುವ ಹಳೆಯ ಅಭ್ಯಾಸ ಇಲ್ಲಿ ಬೇಡವೇ ಬೇಡ. ವೆಲ್ಡಿಂಗ್ ಮಾಡಿಸುವುದಿದ್ದರೆ ಇ.ಸಿ.ಯು. ಕಪ್ಲರ್ ಬಿಚ್ಚಿಡಿ. ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ, ಅದನ್ನು ಇಳಿಸದೆ ಪೈಪು ಎಳೆದರೆ ಮುಖಕ್ಕೇ ಚಿಮ್ಮುತ್ತದೆ.

ಬ್ರೆಡ್ಡಿನವರ ಲೆಕ್ಕ ಏನಾಯಿತು ಎಂದು ನೀವು ಕೇಳಬಹುದು. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯನ್ನು ಮಾರಿದವರು ವಾಪಸು ತೆಗೆದುಕೊಳ್ಳಲಿಲ್ಲ. ಹುಡುಗ ಅದನ್ನು ತಾನೇ ಇಟ್ಟುಕೊಂಡು, ತಿಂಗಳಿಗೆ 1,300ರಂತೆ ಐದು ಕಂತಿನಲ್ಲಿ ಹಣ ಹಿಂದೆ ಕೊಟ್ಟ. ಪ್ರತಿ ತಿಂಗಳು ಆ ಹಣ ಸಂಘದ ಪುಸ್ತಕಕ್ಕೆ ಹೋಯಿತು. ಪೆಟ್ಟಿಗೆ ಈಗ ಅವನ ಗ್ಯಾರೇಜಿನ ಶೆಲ್ಫಿನಲ್ಲಿ ಬಿಸ್ಕತ್ ಡಬ್ಬದೊಳಗಿದೆ. ಡಬ್ಬದ ಮೇಲೆ ಗಾಡಿಯ ಮಾಡೆಲು, ಪಾರ್ಟ್ ನಂಬರು, ಅದರ ಕೆಳಗೆ 'ಪರೀಕ್ಷೆಗೆ ಮಾತ್ರ, ಮಾರಾಟಕ್ಕಲ್ಲ' ಎಂದು ಬರೆದಿದ್ದಾನೆ. ಅದೇ ಮಾಡೆಲಿನ ಗಾಡಿ ಬಂದರೆ ಸುತ್ತಲಿನ ಗ್ಯಾರೇಜಿನವರು ಒಂದು ತಾಸಿಗೆ ಎರವಲು ಒಯ್ಯುತ್ತಾರೆ.